ಒಳಹೊಲಿಗೆ: ಮನೆ ಪ್ರಾರ್ಥನೆಗಳಲ್ಲಿ ಕಲಿತ ಎಂಟು ಪಾಠಗಳು

ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಗಲ್ಲಿಯಲ್ಲಿ ನಮ್ಮ ಸಭೆ ಇದೆ. ತಗಡಿನ ಚಾವಣಿ, ಎರಡು ಫ್ಯಾನು, ಎಂಬತ್ತು ಪ್ಲಾಸ್ಟಿಕ್ ಕುರ್ಚಿ. ನನ್ನ ಗಂಡ ಅಲ್ಲಿ ಸಭಾಪಾಲಕರು. ನಾನು ಪಾಸ್ಟರಮ್ಮ. ಮದುವೆಯಾದ ಮೇಲೆ ನನ್ನನ್ನು ಹೆಸರು ಹಿಡಿದು ಕರೆದವರು ಕಡಿಮೆ.

ಕಾಣಿಕೆ ದುಡ್ಡಿನಲ್ಲಿ ಮನೆ ನಡೆಯುವುದಿಲ್ಲ ಅಂತ ಎರಡನೇ ವರ್ಷಕ್ಕೇ ಗೊತ್ತಾಯಿತು. ಊರಿನ ಅರ್ಧ ಹೆಂಗಸರ ಹಾಗೆ ನಾನೂ ಜೀನ್ಸ್ ಹೊಲಿಗೆಗೆ ಹೋದೆ. ಮೊದಲು ಮನೆಯಲ್ಲೇ ಕೂತು ದಾರ ಕತ್ತರಿಸುವ ಕೆಲಸ, ಆಮೇಲೆ ಮಿಷನ್, ಈಗ ಚೆಕಿಂಗ್ ಟೇಬಲ್. ಇದರ ನಡುವೆ ವಾರಕ್ಕೊಮ್ಮೆ ಕುರುಗೋಡು, ಹದಿನೈದು ದಿನಕ್ಕೊಮ್ಮೆ ಸಿರುಗುಪ್ಪ. ಬಸ್ಸಿನಲ್ಲಿ ಹೋಗಿ ಹೆಂಗಸರ ಮನೆ ಪ್ರಾರ್ಥನೆ ನಡೆಸಿ ಬರುತ್ತೇನೆ. ಇಪ್ಪತ್ತೆರಡು ವರ್ಷವಾಯಿತು.

ಇಷ್ಟು ವರ್ಷದಲ್ಲಿ ನಾನು ಕೊಟ್ಟ ಸಂದೇಶಗಳು ನನಗೇ ನೆನಪಿಲ್ಲ. ಕೇಳಿದವರಿಗಂತೂ ಇರಲಾರವು. ನೆನಪಿರುವುದು ಸಂದೇಶ ಮುಗಿದ ಮೇಲಿನ ಮಾತು. ಚಾಪೆ ಸುತ್ತುವಾಗ, ಚಹಾ ಲೋಟ ತೊಳೆಯುವಾಗ, ಚಪ್ಪಲಿ ಹುಡುಕುವ ನೆಪದಲ್ಲಿ ಬಾಗಿಲ ಹತ್ತಿರ ತಡೆದು ಯಾರೋ ಒಬ್ಬಳು ಹೇಳಿದ್ದು. ಈ ಪಾಠಗಳಲ್ಲಿ ಹೆಚ್ಚಿನವು ಆ ಬಾಗಿಲ ಹತ್ತಿರ ಸಿಕ್ಕಿದವು. ಉಳಿದವು ನಾನು ಮಾಡಿದ ತಪ್ಪುಗಳು.

1. ಉಲ್ಟಾ ಮಾಡಿ ನೋಡಿ

ಚೆಕಿಂಗ್ ಟೇಬಲ್ಲಿಗೆ ಪ್ಯಾಂಟ್ ಬಂದ ಕೂಡಲೇ ನಾವು ಮಾಡುವ ಮೊದಲ ಕೆಲಸ ಅದನ್ನು ಉಲ್ಟಾ ಮಾಡುವುದು. ಹೊರಗೆ ಎಲ್ಲವೂ ಚಂದ. ವಾಷಿಂಗಿನಲ್ಲಿ ಬಂದ ಮಾಸಲು ನೀಲಿ, ತಾಮ್ರದ ಬಣ್ಣದ ಬಟನ್, ಹಿಂದಿನ ಜೇಬಿನ ಮೇಲೆ ಹಳದಿ ದಾರದ ಚಿತ್ತಾರ. ತಿರುವಿ ಹಾಕಿದಾಗ ಹೊಲಿಗೆ ಎಲ್ಲಿ ಬಿಟ್ಟಿದೆ, ಜೇಬಿನ ಬಟ್ಟೆ ಎಲ್ಲಿ ಸಿಕ್ಕಿಕೊಂಡಿದೆ, ದಾರ ಎಲ್ಲಿ ಗಂಟಾಗಿದೆ ಎಲ್ಲ ಗೊತ್ತಾಗುತ್ತದೆ. ಗಿರಾಕಿ ಹೊರಗಿನದು ನೋಡಿ ಕೊಳ್ಳುತ್ತಾನೆ, ಒಳಗಿನದಕ್ಕೆ ಬೈಯುತ್ತಾನೆ.

ಈ ಕೆಲಸವನ್ನು ದಿನಕ್ಕೆ ನೂರಾರು ಸಲ ಮಾಡುತ್ತಿದ್ದ ನಾನು ನನ್ನನ್ನು ಒಂದು ಸಲವೂ ಉಲ್ಟಾ ಮಾಡಿ ನೋಡಿಕೊಂಡಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಶಾಲೆ ಫೀಸಿನ ವಿಚಾರಕ್ಕೆ ನನಗೂ ನಮ್ಮವರಿಗೂ ದೊಡ್ಡ ಜಗಳವಾಯಿತು. ತಟ್ಟೆಯಲ್ಲಿದ್ದ ಉಗ್ಗಾಣಿ ಹಾಗೇ ಉಳಿಯಿತು. ಒಂದು ಗಂಟೆ ಬಿಟ್ಟು ಸಭೆಯಲ್ಲಿ ಸಾಕ್ಷಿ ಹೇಳುವ ಸರದಿ ಬಂದಾಗ ನಾನು ಎದ್ದು ನಿಂತು, ನಮ್ಮ ಸಂಸಾರದಲ್ಲಿ ದೇವರು ಕೊಟ್ಟಿರುವ ಸಮಾಧಾನಕ್ಕಾಗಿ ಸ್ತೋತ್ರ ಸಲ್ಲಿಸಿದೆ. ಎಲ್ಲರೂ ಆಮೆನ್ ಅಂದರು. ಮನೆಗೆ ಬರುವ ದಾರಿಯಲ್ಲಿ ಹನ್ನೊಂದು ವರ್ಷದ ಮಗಳು ಕೇಳಿದಳು, "ಅಮ್ಮ, ಸಾಕ್ಷಿಯಲ್ಲಿ ಸುಳ್ಳು ಹೇಳಬಹುದಾ?"

ನಾನು ಉತ್ತರ ಕೊಡಲಿಲ್ಲ. ಆ ಪ್ರಶ್ನೆ ಮಾತ್ರ ಇವತ್ತಿನವರೆಗೂ ನನ್ನ ಬೆನ್ನು ಬಿಟ್ಟಿಲ್ಲ.

ಆವತ್ತಿನಿಂದ ಒಂದು ರೂಢಿ ಮಾಡಿಕೊಂಡೆ. ದಿನಕ್ಕೆ ಒಬ್ಬರ ಹತ್ತಿರವಾದರೂ ಒಂದು ನಿಜವಾದ ವಾಕ್ಯ ಹೇಳುವುದು. "ಇವತ್ತು ನನಗೆ ಭಯ ಆಗಿದೆ." "ಆ ಮಾತಿಗೆ ನನಗೆ ಹೊಟ್ಟೆಕಿಚ್ಚಾಯಿತು." ಅಷ್ಟು ಸಾಕು. ಹಾಗಂತ ಎಲ್ಲರ ಮುಂದೆ ಎಲ್ಲ ಬಿಚ್ಚಿಡುವುದೂ ಬೇಡ. ಉಲ್ಟಾ ಮಾಡಿದ ಪ್ಯಾಂಟನ್ನು ಯಾರೂ ಅಂಗಡಿ ಬಾಗಿಲಲ್ಲಿ ತೂಗುಹಾಕುವುದಿಲ್ಲ, ಹೊಲಿಗೆ ಬಲ್ಲವರ ಮೇಜಿನ ಮೇಲೆ ಹಾಕುತ್ತಾರೆ. ನಿಮ್ಮ ಬದುಕಿನಲ್ಲಿ ಆ ಮೇಜು ಯಾರು ಅಂತ ಮೊದಲು ಗೊತ್ತುಮಾಡಿಕೊಳ್ಳಿ. ಒಬ್ಬರು ಸಿಕ್ಕರೂ ಪುಣ್ಯ.

2. ಪ್ರಾರ್ಥನೆಗೆ ಬೇರೆ ದನಿ ಬೇಡ

ನಮ್ಮ ಬಳ್ಳಾರಿ ಸಭೆಗಳಲ್ಲಿ ಭಾಷೆಯೇ ಒಂದು ಕಲಸುಮೇಲೋಗರ. ಹಾಡು ತೆಲುಗಿನಲ್ಲಿ, ವಾಕ್ಯ ಕನ್ನಡದಲ್ಲಿ, ನಡುನಡುವೆ ಇಂಗ್ಲಿಷಿನ 'ಪ್ರೈಸ್ ದ ಲಾರ್ಡ್'. ಅದರ ಬಗ್ಗೆ ನನಗೇನೂ ತಕರಾರಿಲ್ಲ. ತಕರಾರಿರುವುದು ಪ್ರಾರ್ಥನೆ ಶುರುವಾದ ತಕ್ಷಣ ನಾವು ಹಾಕಿಕೊಳ್ಳುವ ದನಿಯ ಬಗ್ಗೆ. ಮನೆಯಲ್ಲಿ "ಏ, ನೀರು ಹಿಡಿ ಹೋಗು" ಅನ್ನುವವರು ಕಣ್ಣು ಮುಚ್ಚಿದ ಕೂಡಲೇ ಅಚ್ಚಾದ ಪುಸ್ತಕದ ಹಾಗೆ ಮಾತಾಡುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಮಾತಾಡಿದೆ.

ಸಿರುಗುಪ್ಪದಲ್ಲಿ ಭತ್ತದ ನಾಟಿಗೆ ಹೋಗುವ ಒಬ್ಬ ಅಜ್ಜಿ ಕೂಟಕ್ಕೆ ಬರುತ್ತಿದ್ದಳು. ಮಗ ತೀರಿಹೋಗಿ ಮೂರು ತಿಂಗಳಾಗಿತ್ತು. ಅವಳ ಸರದಿ ಬಂದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ಅಂದಳು, "ದೇವ್ರೇ, ನಿನ್ ಮ್ಯಾಲೆ ನಂಗ ಸಿಟ್ಟು ಬಂದೈತಿ. ನೀ ಏನಾರ ಅನ್ಕೋ." ಅಷ್ಟೇ. ಆಮೆನ್ ಕೂಡ ಹೇಳಲಿಲ್ಲ. ಕೆಲವರು ನನ್ನ ಮುಖ ನೋಡಿದರು, ತಿದ್ದುತ್ತೇನೆ ಅಂತ. ತಿದ್ದಲು ನನಗೆ ಬಾಯಿ ಬರಲಿಲ್ಲ. ಆ ಕೋಣೆಯಲ್ಲಿ ಆವತ್ತು ನಿಜವಾಗಿ ಪ್ರಾರ್ಥನೆ ಮಾಡಿದ್ದು ಅವಳೊಬ್ಬಳೇ ಅಂತ ನನಗೆ ಅನ್ನಿಸಿತ್ತು.

ಮನೆಗೆ ಬಂದು ಕೀರ್ತನೆಗಳ ಪುಸ್ತಕ ತೆಗೆದೆ. ಇರುವ ನೂರೈವತ್ತರಲ್ಲಿ ಸ್ತುತಿಗಿಂತ ಗೋಳೇ ಹೆಚ್ಚು. ಎಷ್ಟು ದಿನ ಹೀಗೆ ಅಂತ ಕೇಳುವವು, ಯಾಕೆ ಸುಮ್ಮನಿದ್ದೀಯ ಅಂತ ಜಗಳಕ್ಕೆ ನಿಲ್ಲುವವು. ಅವನ್ನು ಬರೆದವರು ಹೆದರಲಿಲ್ಲ, ಸೇರಿಸಿದವರು ಕತ್ತರಿ ಹಾಕಲಿಲ್ಲ. ದೇವರ ಜೊತೆ ಜಗಳವಾಡಬಹುದು ಅನ್ನುವುದಕ್ಕೆ ದೇವರ ಪುಸ್ತಕದಲ್ಲೇ ಜಾಗ ಇರುವಾಗ ನಾನು ಯಾರು ತಿದ್ದುವುದಕ್ಕೆ?

ಈಗ ಹೊಸಬರಿಗೆ ನಾನು ಹೇಳಿಕೊಡುವುದು ಇಷ್ಟೇ. ಅಡುಗೆಮನೆಯಲ್ಲಿ ಮಾತಾಡುವ ಭಾಷೆಯಲ್ಲೇ ಕೇಳಿ. ದೇವರು ಶಾಲೆ ಮೇಷ್ಟ್ರಲ್ಲ, ನಿಮ್ಮ ವ್ಯಾಕರಣಕ್ಕೆ ಅಂಕ ಕೊಡುವುದಿಲ್ಲ.

3. ಸೌಲನ ಕವಚ ನಿಮ್ಮ ಅಳತೆಯದಲ್ಲ

ದಾವೀದ ಗೊಲ್ಯಾತನ ಎದುರು ಹೋದ ಕಥೆ ಸಂಡೇ ಸ್ಕೂಲ್ ಮಕ್ಕಳಿಗೂ ಗೊತ್ತು. ಎಲ್ಲರೂ ಕವಣೆ ಕಲ್ಲಿನ ಬಗ್ಗೆ ಹೇಳುತ್ತಾರೆ. ಬಟ್ಟೆ ಹೊಲಿಯುವ ನನಗೆ ಅದಕ್ಕಿಂತ ಮುಂಚಿನ ಸಂಗತಿ ಇಷ್ಟ. ಅರಸನಾದ ಸೌಲ ತನ್ನ ಕವಚವನ್ನೇ ತೆಗೆದು ಹುಡುಗನಿಗೆ ತೊಡಿಸುತ್ತಾನೆ. ಒಳ್ಳೆಯ ಮನಸ್ಸಿನಿಂದಲೇ. ಹುಡುಗ ಒಂದೆರಡು ಹೆಜ್ಜೆ ಹಾಕಿ ನೋಡಿ, ಇದು ನನಗೆ ಅಭ್ಯಾಸವಿಲ್ಲ ಅಂತ ತೆಗೆದಿಡುತ್ತಾನೆ. ಅರಸ ಕೊಟ್ಟದ್ದನ್ನು ಬೇಡ ಅನ್ನಲು ಎಷ್ಟು ಧೈರ್ಯ ಬೇಕು! ನನ್ನ ಲೆಕ್ಕದಲ್ಲಿ ಆವತ್ತಿನ ಮೊದಲ ಗೆಲುವು ಅದೇ.

ನನ್ನ ಸೌಲನ ಕವಚ ಬೇರೊಂದು ಸಭೆಯ ಪಾಸ್ಟರಮ್ಮ. ಬಿಳಿ ಸೀರೆ, ಒಳ್ಳೆಯ ಕಂಠ, ನೂರಾರು ಜನರ ಮುಂದೆ ನಿರರ್ಗಳವಾಗಿ ಸಂದೇಶ. ಎರಡು ವರ್ಷ ನಾನು ಅವರ ಹಾಗೆ ಮಾತಾಡಲು ನೋಡಿದೆ. ಕೈ ಎತ್ತುವ ರೀತಿಯನ್ನೂ ಕಲಿತೆ. ಕುರುಗೋಡಿನಲ್ಲಿ ಒಬ್ಬಾಕೆ, "ಅಮ್ಮಾ, ಯಾಕೋ ಈಚೀಚೆಗೆ ನೀವು ಬಂದಂಗೇ ಅನ್ಸಲ್ಲ" ಅಂದಳು. ನನಗೆ ಇರುವುದು ಕೇಳುವ ಕಿವಿ, ಕಟ್ಟುವ ಕೈ. ಹತ್ತು ಜನರ ಚಾಪೆಯೇ ನನ್ನ ಅಳತೆ ಅಂತ ಒಪ್ಪಿಕೊಳ್ಳುವುದಕ್ಕೆ ಇನ್ನೂ ಎರಡು ವರ್ಷ ಹಿಡಿಯಿತು.

ಹೋಲಿಕೆ ಎಲ್ಲಿಗೆ ಒಯ್ಯುತ್ತದೆ ಅಂತ ತಿಳಿಯಲು ನಮ್ಮ ಊರಿನಲ್ಲಿ ತಲೆ ಎತ್ತಿದರೆ ಸಾಕು. ಹೈದರಾಲಿ ಬಳ್ಳಾರಿ ಗುಡ್ಡದ ಕೋಟೆಯನ್ನು ಬಲಪಡಿಸಲು ಒಬ್ಬ ಫ್ರೆಂಚ್ ಇಂಜಿನಿಯರನ್ನು ಇಟ್ಟಿದ್ದನಂತೆ. ಕೆಲಸ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡವೇ ಎತ್ತರ. ಸಿಟ್ಟಿಗೆದ್ದು ಇಂಜಿನಿಯರನ್ನು ಗಲ್ಲಿಗೇರಿಸಿದ ಅನ್ನುವ ಕಥೆ ಊರಲ್ಲಿ ಇವತ್ತಿಗೂ ಓಡಾಡುತ್ತಿದೆ. ನಾನು ಅದನ್ನು ಹೇಳಿದಾಗಲೆಲ್ಲ ಹೆಂಗಸರು ನಗುತ್ತಾರೆ. ಆಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ಕುಂಬಾರ ಗುಡ್ಡದ ಹೆಸರು ಹೇಳುತ್ತಾರೆ. ಓರಗಿತ್ತಿ, ಪಕ್ಕದ ಮನೆಯವಳು, ಇಂಜಿನಿಯರ್ ಆದ ನಾದಿನಿಯ ಮಗ.

4. ಮೊದಲು ಊಟ, ನಿದ್ದೆ, ಆಮೇಲೆ ಉಪದೇಶ

ಈ ಪಾಠಕ್ಕೆ ನಾನು ಕೊಟ್ಟ ಬೆಲೆ ಹೆಚ್ಚು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನಗೆ ನಿದ್ದೆ ಹೋಯಿತು. ಹಗಲು ಹೊಲಿಗೆ, ಸಂಜೆ ಕೂಟ, ರಾತ್ರಿ ಅತ್ತೆಯ ಆರೈಕೆ. ಮಧ್ಯರಾತ್ರಿ ಎರಡಕ್ಕೆ ಎಚ್ಚರವಾದರೆ ಬೆಳಗಿನ ತನಕ ಎದೆ ಡವಡವ. ಯಾರಿಗೂ ಹೇಳಲಿಲ್ಲ. ಸಮಾಧಾನದ ಬಗ್ಗೆ ಬೇರೆಯವರಿಗೆ ಹೇಳುವವಳು ತನಗೆ ಸಮಾಧಾನವಿಲ್ಲ ಅಂತ ಹೇಗೆ ಹೇಳುವುದು? ಕೊನೆಗೆ ಹೊರಗಿನಿಂದ ಬಂದಿದ್ದ ಒಬ್ಬ ಬೋಧಕರ ಹತ್ತಿರ ಬಾಯಿಬಿಟ್ಟೆ. ಅವರು ಒಂದೇ ಮಾತಿನಲ್ಲಿ ಮುಗಿಸಿದರು: ನಂಬಿಕೆ ಕಡಿಮೆಯಾಗಿದೆ, ಮೂರು ದಿನ ಉಪವಾಸ ಮಾಡಿ. ಮಾಡಿದೆ. ಮೂರನೇ ದಿನ ಮಿಷನ್ ಮುಂದೆಯೇ ಕಣ್ಣು ಕತ್ತಲೆ ಬಂದು ಬಿದ್ದೆ.

ಆಸ್ಪತ್ರೆಯಲ್ಲಿ ಒಬ್ಬ ವಯಸ್ಸಾದ ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ಮಾಡಿಸಿ, ಕುರ್ಚಿ ಎಳೆದುಕೊಂಡು ಕೂತು, "ನಿನಗೆ ಖಿನ್ನತೆ ಇದೆಯಮ್ಮ, ಇದು ಕಾಯಿಲೆ, ಪಾಪ ಅಲ್ಲ" ಅಂದರು. ಮಾತ್ರೆ ಬರೆದುಕೊಟ್ಟರು. ಮಾತ್ರೆ ತೆಗೆದುಕೊಳ್ಳುವಾಗ ಪ್ರಾರ್ಥನೆ ಮಾಡಬಹುದಾ ಅಂತ ಮಗುವಿನ ಹಾಗೆ ಕೇಳಿದೆ. ನಕ್ಕು, "ನೀರು ಕುಡಿಯುವಾಗ ಮಾಡುತ್ತೀಯಲ್ಲ, ಹಾಗೇ ಮಾಡು" ಅಂದರು.

ಆಗ ನನಗೆ ಪ್ರವಾದಿ ಎಲೀಯ ನೆನಪಾದ. ಅಷ್ಟು ದೊಡ್ಡ ಜಯ ಕಂಡ ಮೇಲೂ ಒಂದು ಬೆದರಿಕೆಗೆ ಹೆದರಿ ಓಡಿ, ಮರುಭೂಮಿಯಲ್ಲಿ ಒಂದು ಗಿಡದ ಬುಡದಲ್ಲಿ ಬಿದ್ದುಕೊಂಡು ಸಾವು ಬೇಡಿದವನು ಅವನು. ದೇವದೂತ ಬಂದು ಅವನಿಗೆ ಬೈಯಲಿಲ್ಲ. ನಂಬಿಕೆ ಕಡಿಮೆ ಅನ್ನಲಿಲ್ಲ. ಬಿಸಿ ರೊಟ್ಟಿ, ನೀರು ಇಟ್ಟು ತಟ್ಟಿ ಎಬ್ಬಿಸಿದ. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಉಣ್ಣಿಸಿದ. ದೇವರು ಅವನ ಜೊತೆ ಮಾತಾಡಿದ್ದು ಅದೆಲ್ಲ ಆದ ಮೇಲೆ, ಬೆಟ್ಟದ ಮೇಲೆ, ಸಣ್ಣ ದನಿಯಲ್ಲಿ. ಈ ಕಥೆಯನ್ನು ನಾನು ಎಷ್ಟು ಸಲ ಬೋಧಿಸಿದ್ದೆನೋ! ರೊಟ್ಟಿಯನ್ನು ಮಾತ್ರ ಹಾರಿಸಿಬಿಟ್ಟಿದ್ದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತಲ್ಲ, ಆ ವಾರ ಸಿರುಗುಪ್ಪದ ಕೂಟದಲ್ಲಿ ಬೇರೆ ಮಾತೇ ಇರಲಿಲ್ಲ. ಡ್ಯಾಮಿನ ನೀರೇ ಆ ಊರಿನ ಅನ್ನ. ಗದ್ದೆಯವರ ಮನೆಯಲ್ಲಿ, ಕೂಲಿಯವರ ಮನೆಯಲ್ಲಿ, ರೈಸ್ ಮಿಲ್ಲಿನಲ್ಲಿ ದುಡಿಯುವವರ ಮನೆಯಲ್ಲಿ ಒಂದೇ ಭಯ. ಮೂವತ್ಮೂರು ಗೇಟುಗಳಲ್ಲಿ ಕೆಟ್ಟದ್ದು ಒಂದೇ. ಆದರೆ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಜಲಾಶಯ ತುಂಬಿತ್ತು ಅಂತ ಖುಷಿಪಟ್ಟಿದ್ದವರ ಕಣ್ಣೆದುರೇ ನೀರು ಹರಿದು ಹೋಯಿತು. ಕೊನೆಗೆ ಅಣೆಕಟ್ಟು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಅನ್ನುವ ತಾತ್ಕಾಲಿಕ ತಡೆ ಇಳಿಸಿ ಆ ಕಂಡಿ ಮುಚ್ಚಿತು. ಅಣೆಕಟ್ಟು ಮುಗಿದದ್ದು 1953ರಲ್ಲಿ. ಎಪ್ಪತ್ತು ವರ್ಷ ಭಾರ ಹೊತ್ತ ಕಬ್ಬಿಣ ಅದು. ಕೂಟದಲ್ಲಿದ್ದ ಒಬ್ಬಾಕೆ, "ಚೈನು ಮೊದ್ಲೇ ಕೂಗಿ ಹೇಳಾಕ ಆಗಿದ್ರೆ ಚಲೋ ಇತ್ತು ನೋಡ್ರಿ" ಅಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕಥೆ ಅವರಿಗೆ ಗೊತ್ತಿತ್ತು.

ಕೂಗಿ ಹೇಳಲು ನಮಗೆ ಬಾಯಿ ಇದೆ. ಎರಡು ವಾರ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಸಾಯಬೇಕು ಅನ್ನಿಸಿದರೆ ಡಾಕ್ಟರ ಹತ್ತಿರ ಹೋಗಿ. ಹೋಗಲು ಧೈರ್ಯ ಸಾಲದಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ, 14416. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ನಾನು ನನ್ನ ಸತ್ಯವೇದದ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ.

5. ಕೈ ತೊಳೆದುಕೊಂಡು ಕಣ್ಣೊರೆಸಿ

ಕುರುಗೋಡಿನ ಕಡೆ ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಕೂಟಕ್ಕೆ ಬರುವ ಹೆಂಗಸರ ಕೈ ನೋಡಬೇಕು. ಬೆರಳ ತುದಿಯೆಲ್ಲ ಕೆಂಪಾಗಿ ಧಗಧಗ ಉರಿಯುತ್ತಿರುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಕೆಲವರು ಮಜ್ಜಿಗೆಯಲ್ಲಿ ಅದ್ದಿಕೊಂಡು ಬರುತ್ತಾರೆ. ಪ್ರಾರ್ಥನೆಯಲ್ಲಿ ಅಳು ಬಂದರೆ ಬೆರಳಿನಿಂದ ಒರೆಸಿಕೊಳ್ಳುವುದಿಲ್ಲ. ಮೊಣಕೈ ಹತ್ತಿರದ ತೋಳಿನಿಂದ, ಇಲ್ಲ ಸೆರಗಿನ ಒಳಮೈಯಿಂದ ಒತ್ತಿಕೊಳ್ಳುತ್ತಾರೆ. ಅದು ಅವರಿಗೆ ರೂಢಿ.

ಒಂದು ಗುರುವಾರ ಒಬ್ಬ ಹುಡುಗಿ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ದೊಡ್ಡವಳು ಕರುಳು ಚುರ್ ಎಂದು ಎರಡೂ ಕೈಯಿಂದ ಅವಳ ಕಣ್ಣೊರೆಸಿಬಿಟ್ಟಳು. ಮರುಗಳಿಗೆಯೇ ಹುಡುಗಿ ಕಿರುಚಿಕೊಂಡಳು. ದುಃಖ ಎಲ್ಲಿಗೋ ಹೋಯಿತು, ನೀರು ತಾ ಮಜ್ಜಿಗೆ ತಾ ಅಂತ ಮನೆಯಲ್ಲೆಲ್ಲ ಓಡಾಟ. ಆಮೇಲೆ ಎಲ್ಲರೂ ನಕ್ಕರು, ಆ ಹುಡುಗಿಯೂ ನಕ್ಕಳು.

ನಾನು ಮಾತ್ರ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಿದ್ದೆ. ನಿದ್ದೆಗೆಟ್ಟ ಆ ದಿನಗಳಲ್ಲಿ ನಾನು ಎಷ್ಟು ಜನರಿಗೆ ಸಮಾಧಾನ ಹೇಳಿದ್ದೆ! ಒಬ್ಬಳಿಗೆ "ನಿನ್ನದೇನು ಮಹಾ ಕಷ್ಟ" ಅಂದಿದ್ದೆ. ಇನ್ನೊಬ್ಬಳಿಗೆ ಅವಳ ಗರ್ಭ ನಿಲ್ಲದಿದ್ದುದಕ್ಕೆ ದೇವರ ಚಿತ್ತ ಅಂತ ಎರಡು ನಿಮಿಷದಲ್ಲಿ ಹೇಳಿ ಮುಗಿಸಿದ್ದೆ. ನನ್ನ ಕೈಯಲ್ಲಿ ಖಾರ ಇತ್ತು, ಕಣ್ಣು ಅವರದು ಉರಿಯಿತು. ಆ ಇಬ್ಬರನ್ನೂ ಹುಡುಕಿಕೊಂಡು ಹೋಗಿ ತಪ್ಪಾಯಿತು ಅಂದೆ. ಒಬ್ಬಳು ಅಪ್ಪಿಕೊಂಡಳು. ಇನ್ನೊಬ್ಬಳು, "ಆಯ್ತು ಬಿಡ್ರಿ" ಅಂದು ಒಳಗೆ ಹೋದಳು. ಅವಳು ಇವತ್ತಿಗೂ ಕೂಟಕ್ಕೆ ಬಂದಿಲ್ಲ. ತಪ್ಪು ಒಪ್ಪಿಕೊಂಡ ಮಾತ್ರಕ್ಕೆ ಎಲ್ಲ ಸರಿಹೋಗಬೇಕು ಅನ್ನುವುದೂ ಒಂದು ಬಗೆಯ ಸೊಕ್ಕು ಅಂತ ಅವಳಿಂದ ಕಲಿತೆ.

6. ಜಾಲಿಯನ್ನು ಮೇಲೆ ಕಡಿದರೆ ಆಗದು

ನಮ್ಮ ಊರಿನ ಹೆಸರನ್ನು ಕರ್ನಾಟಕದ ಮೂಲೆಮೂಲೆಗೂ ಒಯ್ದ ಗಿಡ ಬಳ್ಳಾರಿ ಜಾಲಿ. ಇಲ್ಲಿಯದಲ್ಲ, ಅಮೆರಿಕ ಖಂಡದಿಂದ ತಂದದ್ದು. ಹೊಲದ ಬದುವಿನಲ್ಲಿ, ಕೆರೆಯಂಗಳದಲ್ಲಿ, ರೈಲು ಹಳಿಯ ಪಕ್ಕ ಎಲ್ಲ ಕಡೆ ಅದೇ. ಮೇಲೆ ಕಡಿದರೆ ಬುಡದಿಂದ ಒಂದರ ಜಾಗದಲ್ಲಿ ಹತ್ತು ಚಿಗುರು. ಬುಡ ಕೀಳದೆ ಹೊಲ ಹಸನಾಗದು ಅಂತ ಇಲ್ಲಿಯ ರೈತರಿಗೆ ಹೇಳಬೇಕಿಲ್ಲ.

ದ್ವೇಷದ ವಿಷಯದಲ್ಲಿ ನಾವು ಮಾಡುವುದು ಮೇಲಿನ ಕಡಿತ. ಕರ್ತನ ಮೇಜಿಗೆ ಬರುವ ಮುಂಚೆ "ಕ್ಷಮಿಸಿದೆ" ಅಂದುಬಿಡುತ್ತೇವೆ. ಸೋಮವಾರಕ್ಕೆ ಚಿಗುರು ಬಂದಿರುತ್ತದೆ. ಬುಡ ಕೀಳುವುದೆಂದರೆ ಏನಾಯಿತು ಅಂತ ಮೊದಲು ಪೂರ್ತಿ ಹೇಳುವುದು. ಯಾರು ಏನಂದರು, ನನಗೆ ಎಲ್ಲಿ ನೋವಾಯಿತು, ನಾನು ಕಳೆದುಕೊಂಡದ್ದೇನು. ಅಗೆಯುವಾಗ ಕೈಗೆ ಮುಳ್ಳು ಹತ್ತೇ ಹತ್ತುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕ್ಷಮಿಸುವುದು ಬೇರೆ, ಹೊಡೆತ ತಿನ್ನುತ್ತಾ ಕೂರುವುದು ಬೇರೆ. ಕುಡಿದು ಬಂದು ಬಡಿಯುವ ಗಂಡನನ್ನು "ಪ್ರಾರ್ಥನೆಯಲ್ಲಿ ಗೆಲ್ಲು" ಅಂತ ಹೆಣ್ಣುಮಕ್ಕಳನ್ನು ಮನೆಗೆ ವಾಪಸ್ ಕಳಿಸಿದ ತಪ್ಪು ನನ್ನದೂ ಇದೆ. ಈಗ ಕಳಿಸುವುದಿಲ್ಲ. ಮೊದಲು ಅವಳನ್ನೂ ಮಕ್ಕಳನ್ನೂ ಭದ್ರವಾದ ಜಾಗಕ್ಕೆ ಸೇರಿಸುವುದು, 181ಕ್ಕೆ ಫೋನ್ ಮಾಡುವುದು. ಕ್ಷಮೆಯ ಮಾತು ಆಮೇಲೆ, ಅದೂ ಅವಳಾಗಿ ಎತ್ತಿದರೆ.

7. ಮಧ್ಯಾಹ್ನದ ದೆವ್ವಕ್ಕೆ ಹೆಸರಿಡಿ

ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿ ತಪಸ್ಸು ಮಾಡುತ್ತಿದ್ದ ಎವಾಗ್ರಿಯಸ್ ಅನ್ನುವ ಸನ್ಯಾಸಿ ಒಂದು ದೆವ್ವದ ಬಗ್ಗೆ ಬರೆದಿದ್ದಾನೆ. ಅದು ಬರುವುದು ನಡುಹಗಲಿನಲ್ಲಿ. ಸೂರ್ಯ ನಿಂತೇಬಿಟ್ಟ ಹಾಗೆ ಕಾಣುತ್ತದೆ, ಇರುವ ಜಾಗ ಬೇಡ ಅನ್ನಿಸುತ್ತದೆ, ಮಾಡುವ ಕೆಲಸ ದಂಡ ಅನ್ನಿಸುತ್ತದೆ, ಕಣ್ಣು ಸುಮ್ಮನೆ ಕಿಟಕಿ ಕಡೆ ಹೋಗುತ್ತದೆ. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ, ತಗಡಿನ ಶೆಡ್ಡಿನ ಕೆಳಗೆ, ಮಧ್ಯಾಹ್ನ ಎರಡೂವರೆಗೆ ಮಿಷನ್ ಮುಂದೆ ಕೂತವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಈಗ ಆ ದೆವ್ವಕ್ಕೆ ಕಿಟಕಿಯ ಜಾಗದಲ್ಲಿ ಮೊಬೈಲ್ ಸಿಕ್ಕಿದೆ. ಎವಾಗ್ರಿಯಸ್ ಹೇಳಿದ ಮದ್ದು ಸರಳ. ಜಾಗ ಬಿಟ್ಟು ಓಡಬೇಡ, ಕೈಯಲ್ಲಿರುವ ಚಿಕ್ಕ ಕೆಲಸ ಮುಗಿಸು. ನಾನು ಒಂದು ಬೇಸಿನ್ ನೀರಿನಲ್ಲಿ ಮುಖ ತೊಳೆದು, "ಇದು ಅದೇ, ನಾಲ್ಕು ಗಂಟೆಗೆ ಹೋಗುತ್ತದೆ" ಅಂತ ಜೋರಾಗಿ ಹೇಳಿಕೊಳ್ಳುತ್ತೇನೆ. ಹೊಸ ಹುಡುಗಿಯರು ಪಾಸ್ಟರಮ್ಮನಿಗೆ ಬಿಸಿಲು ತಲೆಗೇರಿದೆ ಅಂದುಕೊಳ್ಳುತ್ತಾರೆ. ಒಂದು ನಿಯಮವಂತೂ ಇಟ್ಟುಕೊಂಡಿದ್ದೇನೆ: ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಜೀವನದ ದೊಡ್ಡ ತೀರ್ಮಾನ ಯಾವುದನ್ನೂ ಮಾಡುವುದಿಲ್ಲ.

8. ರಾತ್ರಿ ಐದು ನಿಮಿಷ, ಹಾಗೂ ಇಪ್ಪತ್ತೊಂದು ವರ್ಷ

ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಹಾಸಿಗೆಯವರನ್ನು ನೋಡಲು ಒಬ್ಬ ಕಥೋಲಿಕ ಸಿಸ್ಟರ್ ಬರುತ್ತಿದ್ದರು. 1949ರಿಂದ ಬಳ್ಳಾರಿ ಕಥೋಲಿಕರಿಗೆ ಧರ್ಮಪ್ರಾಂತ. ನಮ್ಮ ಸಭೆಗಳೂ ಅವರ ಚರ್ಚುಗಳೂ ಇಷ್ಟು ಕಾಲ ಒಂದೇ ಊರಿನಲ್ಲಿದ್ದರೂ ಒಬ್ಬರ ಹೊಸ್ತಿಲು ಒಬ್ಬರು ದಾಟುವುದು ಅಪರೂಪ. ಆ ಸಿಸ್ಟರ್ ನನಗೊಂದು ಅಭ್ಯಾಸ ಕಲಿಸಿದರು. ಯುದ್ಧದಲ್ಲಿ ಕಾಲಿಗೆ ಗುಂಡು ಬಿದ್ದು ಹಾಸಿಗೆ ಹಿಡಿದಾಗ ಬದುಕಿನ ದಿಕ್ಕನ್ನೇ ಬದಲಿಸಿಕೊಂಡ ಇಗ್ನೇಷಿಯಸ್ ಲೊಯೋಲ ಹದಿನಾರನೇ ಶತಮಾನದಲ್ಲಿ ಹೇಳಿಕೊಟ್ಟದ್ದಂತೆ. ಮಲಗುವ ಮುಂಚೆ ದಿನವನ್ನು ದೇವರ ಜೊತೆ ಕೂತು ಹಿಂದಕ್ಕೆ ನಡೆದು ನೋಡುವುದು. ಎಲ್ಲಿ ಕೃತಜ್ಞತೆ, ಎಲ್ಲಿ ಎಡವಿದ್ದು, ನಾಳೆಗೆ ಏನು ಬೇಕು.

ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ನಾನು ಅದನ್ನು ಮೂರು ಸಾಲಿಗೆ ಇಳಿಸಿಕೊಂಡೆ. ಇವತ್ತು ಏನು ಸಿಕ್ಕಿತು. ಇವತ್ತು ಎಲ್ಲಿ ನಟಿಸಿದೆ. ನಾಳೆ ಯಾರ ಹತ್ತಿರ ಹೋಗಬೇಕು. ಎರಡನೇ ಸಾಲು ಬರೆಯುವುದು ಕಷ್ಟ. ಮೊದಲ ವರ್ಷದ ಪುಟಗಳಲ್ಲಿ ಆ ಜಾಗ ಹೆಚ್ಚಾಗಿ ಖಾಲಿ. ನಟಿಸಿಲ್ಲ ಅಂತಲ್ಲ, ನಟಿಸಿದ್ದು ಕಾಣುತ್ತಿರಲಿಲ್ಲ. ಈಚಿನ ಪುಟಗಳಲ್ಲಿ ಅಲ್ಲೇ ಹೆಚ್ಚು ಬರಹ. ಮುಂಚೆ ಇದನ್ನು ಕಂಡಿದ್ದರೆ ಕೆಟ್ಟುಹೋದೆ ಅಂದುಕೊಳ್ಳುತ್ತಿದ್ದೆ. ಈಗ ಕಣ್ಣು ಸ್ವಲ್ಪ ತೆರೆದಿದೆ ಅಂದುಕೊಳ್ಳುತ್ತೇನೆ.

ಬೆಳವಣಿಗೆ ಬೇಗ ಕಾಣುತ್ತಿಲ್ಲ ಅಂತ ಕೊರಗುವವರಿಗೆ ನಾನು ನಮ್ಮ ಊರಿನದೇ ಒಂದು ಲೆಕ್ಕ ಹೇಳುತ್ತೇನೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಕನ್ನಡ ಕಲಿತು, ಬರೆದು, ಅಳಿಸಿ, ಮತ್ತೆ ಬರೆದು, ಇಡೀ ಬೈಬಲ್ ಕನ್ನಡದಲ್ಲಿ ಮುಗಿದದ್ದು 1831ರಲ್ಲಿ. ಇಪ್ಪತ್ತೊಂದು ವರ್ಷ. ಅವರ ಜೊತೆಗಿದ್ದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟು, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ತಂದರು. ಅಷ್ಟು ದುಡಿದು ಮಾಡಿದ ಆ ಅನುವಾದವನ್ನೂ ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ ಮತ್ತು ಜೊತೆಗಾರರು ತಿದ್ದಲು ಕೂತರು. ದೇವರ ವಾಕ್ಯಕ್ಕೇ ನಮ್ಮ ಭಾಷೆ ಬರಲು ಇಷ್ಟು ಸಮಯ, ಇಷ್ಟು ತಿದ್ದುಪಡಿ ಬೇಕಾಯಿತು. ನನ್ನ ಸಿಟ್ಟು ಮೂರು ತಿಂಗಳ ಕೂಟದಲ್ಲಿ ಇಳಿಯಲಿಲ್ಲ ಅಂತ ನಾನು ಯಾಕೆ ಗಾಬರಿಯಾಗಬೇಕು?

*

ಸಾಕ್ಷಿಯಲ್ಲಿ ಸುಳ್ಳು ಹೇಳಬಹುದಾ ಅಂತ ಕೇಳಿದ ಮಗಳು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಾಳೆ. ಹೋದ ವಾರ ಸಿರುಗುಪ್ಪದಿಂದ ತಡವಾಗಿ ಬಂದಿದ್ದೆ. ತೆಕ್ಕಲಕೋಟೆ ಹತ್ತಿರ ಬಸ್ಸು ಕೆಟ್ಟು ನಿಂತಿತ್ತು, ಕಾಲು ಊದಿತ್ತು, ಕೂಟಕ್ಕೆ ಬಂದಿದ್ದವರು ಇಬ್ಬರೇ.

"ಹೇಗಿದ್ದೀಯಮ್ಮ?" ಅಂದಳು.

ದೇವರ ಕೃಪೆ, ಚೆನ್ನಾಗಿದ್ದೀನಿ ಅಂತ ನಾಲಿಗೆಯ ತುದಿಗೆ ಬಂದಿತ್ತು. ಇಪ್ಪತ್ತೆರಡು ವರ್ಷದ ರೂಢಿ, ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಒಂದು ಉಸಿರು ತಡೆದು, "ಇವತ್ತು ಚೆನ್ನಾಗಿಲ್ಲ ಕಣೆ" ಅಂದೆ.

ಆ ಕಡೆ ಕುರ್ಚಿ ಎಳೆದ ಸದ್ದು ಕೇಳಿಸಿತು. "ಸರಿ," ಅಂದಳು. "ಹೇಳು."